ಕಿಟಕಿ ಇಲ್ಲದ ರೂಮಿಗೆ ಹಗಲಿನ ಬೆಳಕು

ಪ್ರಶ್ನೆ: ನಮ್ದು 20×30 ಸೈಟಿನ ಮನೆ, ಎರಡೂ ಕಡೆ ಪಕ್ಕದ ಮನೆಯವ್ರ ಗೋಡೆ ಅಂಟ್ಕೊಂಡೇ ಇದೆ, ನಡುವಿನ ರೂಮಿಗೆ ಒಂದು ಕಿಟಕೀನೂ ಇಲ್ಲ. ಅತ್ತೆ ಹಗಲೆಲ್ಲಾ ಅಲ್ಲೇ ಇರ್ತಾರೆ, ಮಧ್ಯಾಹ್ನ 12 ಗಂಟೆಗೂ ಲೈಟ್ ಹಾಕ್ಲೇಬೇಕು. ಮೇಲೆ ಬರೀ ಟೆರೇಸ್. ಮೇಸ್ತ್ರಿ ಮೋಲ್ಡ್ ಒಡೆದು 4 ಅಡಿ ಗ್ಲಾಸ್ ಹಾಕೋಣ ಅಂತಾರೆ, ಹಾಕಿಸ್ಬಹುದಾ?
– ಓದುಗರೊಬ್ಬರು, ಬೆಂಗಳೂರು

ಉತ್ತರ: 4 ಅಡಿ ಬೇಡವೇ ಬೇಡ ಮೇಡಂ. ಬೆಂಗಳೂರಲ್ಲಿ ಏಪ್ರಿಲ್ ಕೊನೆಗೆ ಒಂದ್ಸಲ, ಆಗಸ್ಟ್ ನಡುವಿಗೆ ಇನ್ನೊಂದ್ಸಲ ಸೂರ್ಯ ನೇರ ನೆತ್ತಿ ಮೇಲೇ ಬರ್ತಾನೆ, ಅಷ್ಟು ದೊಡ್ಡ ಗ್ಲಾಸ್ ಮಲಗಿಸಿ ಹಾಕಿದ್ರೆ ಬೇಸಿಗೇಲಿ ಅತ್ತೆಯವ್ರು ಆ ರೂಮಲ್ಲಿ ಕೂರೋಕೇ ಆಗಲ್ಲ. ಅಷ್ಟು ಬೇಕಾಗೂ ಇಲ್ಲ. ಒಳ್ಳೆ ಬಿಸಿಲಲ್ಲಿ ಹೊರಗೆ ಹೆಚ್ಚುಕಮ್ಮಿ 1 ಲಕ್ಷ ಲಕ್ಸ್ (ಒಂದು ಚದರ ಮೀಟರ್ ಜಾಗಕ್ಕೆ ಬೀಳೋ ಬೆಳಕಿನ ಅಳತೆ) ಬೆಳಕಿರತ್ತೆ, ಮನೇಲಿ ಪೇಪರ್ ಓದೋಕೆ 300 ಸಾಕು. 1 ಅಡಿ ಅಗಲದ ದುಂಡನೆ ತೂತಿನ ಮೇಲೇ ಸುಮಾರು 7,000 ಲ್ಯೂಮೆನ್ (ಒಟ್ಟು ಬೆಳಕಿನ ಅಳತೆ) ಬೀಳತ್ತೆ, ದಾರೀಲಿ ಅರ್ಧ ಹೋಯ್ತು ಅಂದ್ಕೊಂಡ್ರೂ 9 ವ್ಯಾಟಿನ ಮೂರ್ನಾಲ್ಕು ಎಲ್‌ಇಡಿ ಬಲ್ಬಿನಷ್ಟು ಒಳಗೆ ಬಂತು. ಮೋಡ ಕವಿದ ದಿನ ಇದ್ರಲ್ಲಿ ಹತ್ತನೇ ಒಂದು ಭಾಗಾನೇ ಬರ್ಬಹುದು, ಓಡಾಡೋಕೆ ತೊಂದ್ರೆ ಇಲ್ಲ, ಓದೋಕೆ ಲೈಟ್ ಬೇಕು.

ಇದಕ್ಕೆ ಅಂತಾನೇ ಲೈಟ್ ಪೈಪ್ ಸಿಗತ್ತೆ. ಟೆರೇಸ್ ಮೇಲೆ ಪಾರದರ್ಶಕ ಡೋಮ್, ಒಳಗೆ ಕನ್ನಡಿ ತರ ಹೊಳೆಯೋ ಅಲ್ಯೂಮಿನಿಯಂ ಪೈಪ್, ಕೆಳಗೆ ಬೆಳಕು ಹರಡೋ ಡಿಫ್ಯೂಸರ್. ಪೈಪ್ ಗಿಡ್ಡ ಇದ್ದಷ್ಟೂ ನೇರ ಇದ್ದಷ್ಟೂ ಒಳ್ಳೇದು. ತೂತು ಎಲ್ಲಿ ಅನ್ನೋದನ್ನ ಮಾತ್ರ ದಯವಿಟ್ಟು ಸ್ಟ್ರಕ್ಚರಲ್ ಇಂಜಿನಿಯರ್ ಹತ್ರಾನೇ ಕೇಳಿ, ಬೀಮ್ ಮುಟ್ಟೋ ಹಾಗಿಲ್ಲ, ಕಂಬಿ ಕಟ್ ಆದ್ರೆ ಏನ್ ಮಾಡ್ಬೇಕು ಅಂತ ಅವ್ರೇ ಹೇಳ್ಬೇಕು, ಸುತ್ತಿಗೇಲಿ ಒಡೆಯೋದು ಬೇಡ, ದುಂಡಗೆ ಕೊರೆಯೋ ಕೋರ್ ಕಟಿಂಗ್ ಮಷಿನ್ನಲ್ಲೇ ಮಾಡಿಸಿ. ತೂತಿನ ಸುತ್ತ ಅರ್ಧ ಅಡಿಗಿಂತ ಜಾಸ್ತಿ ಎತ್ತರಕ್ಕೆ ಕಟ್ಟೆ ಕಟ್ಟಿ ವಾಟರ್ ಪ್ರೂಫಿಂಗ್ ಮಾಡ್ಸಿಲ್ಲ ಅಂದ್ರೆ ಮೊದಲ್ನೇ ಮಳೆಗೇ ಸೋರತ್ತೆ. ಮುಂದೆ ಮೇಲೊಂದು ಫ್ಲೋರ್ ಎತ್ತೋ ಯೋಚ್ನೆ ಇದ್ರೆ ಈ ಖರ್ಚೇ ಬೇಡ.

ಹಾಗಿದ್ರೆ ಹಾಲ್ ಕಡೆ ಗೋಡೇಲಿ ಬಾಗ್ಲು ಮೇಲ್ಗಡೆ ಗ್ಲಾಸ್ ಹಾಕ್ಸಿ, ಸೀಲಿಂಗಿಗೂ ಗೋಡೆಗೂ ಬಿಳಿ ಬಣ್ಣ ಹೊಡೆಸಿ, ಹಾಲ್‌ನಲ್ಲಿ ಬೆಳಕಿದ್ರೆ ಅಷ್ಟರಲ್ಲೇ ಎಷ್ಟೋ ವಾಸಿ. ಇನ್ನೊಂದು, ಲೈಟ್ ಪೈಪಿಂದ ಗಾಳಿ ಬರಲ್ಲ. ಅತ್ತೆಯವ್ರು ಇಡೀ ದಿನ ಇರೋ ಜಾಗ, ಎಕ್ಸಾಸ್ಟ್ ಫ್ಯಾನಿಗೆ ಬೇರೆ ದಾರಿ ಮಾಡ್ಲೇಬೇಕು.

ಪ್ರಶ್ನೆ: ನಮ್ದು ಮಂಗಳೂರು ಹೆಂಚಿನ ಮನೆ, ಅಡುಗೆಮನೆ ಕತ್ತಲೆ. ಹಿಂದಿನ ಶೀಟಿನ ಬಚ್ಚಲೂ ಹಾಗೇ. ಕಡಿಮೆ ಖರ್ಚಲ್ಲಿ ಏನಾದ್ರೂ ಇದ್ಯಾ?
– ಓದುಗರೊಬ್ಬರು, ಶಿರಸಿ

ಉತ್ತರ: ಅಡುಗೆಮನೆಗೆ ಎರಡ್ಮೂರು ಗಾಜಿನ ಹೆಂಚು ಸಾಕು, ನಿಮ್ಮ ಹೆಂಚಿನ ಅಳತೆಗೆ ಕೂರತ್ತಾ ಅಂತ ಒಂದು ಹೆಂಚು ಜೊತೇಲಿ ಒಯ್ದು ನೋಡಿ. ಉತ್ತರಕ್ಕಿಳಿಯೋ ಮಾಡು ಇದ್ರೆ ಅಲ್ಲೇ ಹಾಕಿ, ಸೆಖೆ ಕಡಿಮೆ. ಕೆಳಗೆ ಅಟ್ಟ ಇಲ್ಲದ ಜಾಗಾನೇ ನೋಡ್ಕೊಳ್ಳಿ. ಬಚ್ಚಲಿಗೆ, ಬ್ರೆಜಿಲ್‌ನ ಮೆಕ್ಯಾನಿಕ್ ಆಲ್ಫ್ರೆಡೊ ಮೋಸರ್ 2002ರಲ್ಲಿ ಮಾಡಿದ ಉಪಾಯ ನೋಡಿ: 2 ಲೀಟರ್ ಪ್ಲಾಸ್ಟಿಕ್ ಬಾಟ್ಲಿಗೆ ನೀರು ತುಂಬಿ, ಪಾಚಿ ಕಟ್ಟದ ಹಾಗೆ ಎರಡು ಮುಚ್ಚಳ ಬ್ಲೀಚ್ ಹಾಕಿ, ಅರ್ಧ ಶೀಟ್ ಮೇಲೆ ಅರ್ಧ ಒಳಗೆ ಇರೋ ಹಾಗೆ ಕೂರ್ಸಿ ಸೀಲ್ ಮಾಡೋದು. ನೀರು ಬಿಸಿಲನ್ನ ಸುತ್ತ ಚದುರಿಸತ್ತೆ, 40–60 ವ್ಯಾಟಿನ ಹಳೇ ಬಲ್ಬಿನಷ್ಟು ಬೆಳಕು. ಸಿಮೆಂಟ್ ಶೀಟಾದ್ರೆ ಅದ್ರಲ್ಲಿ ಆಸ್ಬೆಸ್ಟಸ್ ಇರ್ಬಹುದು, ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು, ಅದನ್ನ ಕೊರೆಯೋಕೆ ಹೋಗ್ಬೇಡಿ.