ಚೆಂಡು ಮಾರಿಕೊಂಡ ಹುಡುಗರ ಜೊತೆ ಮತ್ತೆ ಆಡಬೇಕಾ?

ಪ್ರಶ್ನೆ: ನಾಲ್ಕು ತಿಂಗಳಿಂದ ನಾನು ಮತ್ತು ಇಬ್ಬರು ಗೆಳೆಯರು ಭಾನುವಾರ ಬೆಳಿಗ್ಗೆ 7ಕ್ಕೆ, ಬೆಂಗಳೂರಿನ ಕೆ.ಆರ್. ಮಾರುಕಟ್ಟೆ ಸುತ್ತಮುತ್ತ ಮಲಗುವ ಹುಡುಗರಿಗೆ ಫುಟ್‌ಬಾಲ್ ಆಡಿಸುತ್ತಿದ್ದೇವೆ. 12ರಿಂದ 19 ವಯಸ್ಸಿನವರು. ಕೆಲವರು ನಿದ್ದೆಗಣ್ಣಲ್ಲೇ ಬರುತ್ತಾರೆ. ಆಟ ಮುಗಿದ ಮೇಲೆ ದುಶ್ಚಟದ ಬಗ್ಗೆ ಅರ್ಧ ಗಂಟೆ ಮಾತಾಡೋಣ ಅಂದರೆ ಎದ್ದು ಹೋಗುತ್ತಾರೆ. ಹೋದ ವಾರ ಚೆಂಡನ್ನೇ ಯಾರೋ ಮಾರಿಕೊಂಡರು. ಇನ್‌ಸ್ಟಾಗ್ರಾಮ್‌ನಲ್ಲಿ ಫೋಟೊ ನೋಡಿದವರು "ಆಟದಿಂದ ಹೊಟ್ಟೆ ತುಂಬುತ್ತಾ?" ಅಂತಾರೆ. ನಿಲ್ಲಿಸಿಬಿಡಲಾ?
– ಓದುಗ, ಬೆಂಗಳೂರು

ಉತ್ತರ: ಆಟ ನಿಲ್ಲಿಸಬೇಡಿ. ಆ ಅರ್ಧ ಗಂಟೆಯ ಭಾಷಣ ನಿಲ್ಲಿಸಿ.

ಮೊದಲು ಹೊತ್ತು ಬದಲಿಸಿ. ಮಾರುಕಟ್ಟೆಗೆ ಹೂವು, ತರಕಾರಿ ಲೋಡ್ ಬರುವುದು ನಡುರಾತ್ರಿಯಿಂದ ನಸುಕಿನವರೆಗೆ. ಲೋಡ್ ಇಳಿಸಿ, ಚಿಂದಿ ಆಯ್ದು, ಒಂದು ಟೀ ಕುಡಿದು ಬಂದ ಹುಡುಗನಿಗೆ 7 ಗಂಟೆ ಅಂದರೆ ಮಲಗುವ ಹೊತ್ತು. ಸಂಜೆ 4ಕ್ಕೆ ಇಟ್ಟು ನೋಡಿ.

ದುಶ್ಚಟದ ಬಗ್ಗೆ ಅವರಿಗೆ ನಮಗಿಂತ ಜಾಸ್ತಿ ಗೊತ್ತು. ಕರ್ಚೀಫಿಗೆ ಸಲ್ಯೂಷನ್ (ಪಂಕ್ಚರ್ ಅಂಟಿನಂಥದ್ದು) ಹಾಕಿಕೊಂಡು ನಶೆಗೆ ಮೂಸುವವನಿಗೆ ಅದು ಕೆಟ್ಟದ್ದು ಅಂತ ಗೊತ್ತಿಲ್ಲವಾ? ಹಸಿವು, ಚಳಿ ಮರೆಯುವುದಕ್ಕೇ ಎಷ್ಟೋ ಜನ ಮೂಸುತ್ತಾರೆ. ನಾನು ಹಿಂದೆ ಇಂಥ ಕೆಲಸಕ್ಕೆ ಹೋಗುತ್ತಿದ್ದಾಗ ಒಂದೇ ನಿಯಮ ಮಾಡಿದ್ದೆವು, ಆಟದ ಹೊತ್ತಲ್ಲಿ ಕರ್ಚೀಫು ನಮ್ಮ ಚೀಲದಲ್ಲಿ ಇರಬೇಕು, ಆಟ ಮುಗಿದ ಮೇಲೆ ಅವರೇ ತಗೊಳ್ಳಬಹುದು. ಮೊದಮೊದಲು ಕಾಲು ಗಂಟೆಗೇ ಬಂದು ಕೇಳುತ್ತಿದ್ದರು. ಆಮೇಲೆ ಒಬ್ಬೊಬ್ಬರು ಒಂದೊಂದು ಗಂಟೆ ತಡೆದರು, ಒಬ್ಬ ಮರೆತೇ ಹೋದ, ಮಾರನೆಯ ದಿನ ಜ್ಞಾಪಿಸಿಕೊಂಡು ಬಂದ ಅನ್ನಿ!

ಮಳೆ ಬಂದರೆ ಕ್ಯಾರಮ್ ಬೋರ್ಡ್ ಹಾಕಿ. ಎದುರು ಕೂರಿಸಿಕೊಂಡು "ಯಾಕಪ್ಪಾ ಮನೆ ಬಿಟ್ಟೆ?" ಅಂದರೆ ಬಾಯಿ ಬಿಡದ ಹುಡುಗ, ರೆಡ್‌ಗೆ ಗುರಿ ಇಡುತ್ತಾ ತಲೆ ಎತ್ತದೆ "ನಮ್ಮಪ್ಪ ಹೊಡೀತಿದ್ದ ಸಾರ್" ಅಂದುಬಿಡುತ್ತಾನೆ. ಆಗ ನೀವೂ ಬೋರ್ಡ್ ಮೇಲೇ ಕಣ್ಣಿಟ್ಟಿರಿ.

ಚೆಂಡಿನ ವಿಚಾರಣೆ ಮಾಡಲೇಬೇಡಿ. ಹೊಸದು ತಂದು ಅವರಲ್ಲೇ ಒಬ್ಬನ ಕೈಗೆ ಕೊಟ್ಟು "ವಾರಕ್ಕೊಬ್ಬರು ನೋಡಿಕೊಳ್ಳಿ" ಅನ್ನಿ. ಇನ್ನೊಂದು ಸಲ ಹೋಗಬಹುದು, ಹೋಗಲಿ. ಬೂಟು ಹಂಚಬೇಡಿ, ದೊಡ್ಡವರು ಕಿತ್ತುಕೊಳ್ಳುತ್ತಾರೆ. ನೀವೂ ಬೂಟು ಬಿಚ್ಚಿ ಆಡಿ, ಬರಿಗಾಲಿನ ಮೇಲೆ ಬೂಟಿನ ಕಾಲು ಬಿದ್ದರೆ ಆ ಹುಡುಗನ ವಾರದ ದುಡಿಮೆ ಹೋಯಿತು.

ಫೋಟೊ ಇವತ್ತೇ ತೆಗೆದುಹಾಕಿ. 18 ತುಂಬದ ಇಂಥ ಮಕ್ಕಳ ಗುರುತು ಬಯಲು ಮಾಡಬಾರದು ಅಂತ 2015ರ ಬಾಲನ್ಯಾಯ ಕಾಯ್ದೆಯಲ್ಲೇ ಇದೆ. ಮನೆಯವರಿಲ್ಲದ, ತಪ್ಪಿಸಿಕೊಂಡ ಮಗು ನಿಮ್ಮ ಕೈಗೆ ಸಿಕ್ಕರೆ 24 ಗಂಟೆಯೊಳಗೆ ಮಕ್ಕಳ ಸಹಾಯವಾಣಿ 1098ಕ್ಕೋ ಪೊಲೀಸರಿಗೋ ಮಕ್ಕಳ ಕಲ್ಯಾಣ ಸಮಿತಿಗೋ ತಿಳಿಸಬೇಕು ಎಂದೂ ಇದೆ. ಆದರೆ ಸುಮ್ನೆ ಬೆನ್ನ ಹಿಂದೆ ಫೋನ್ ಮಾಡಿದರೆ ನಿಮ್ಮನ್ನು ಪೊಲೀಸರ ಕಡೆಯವರು ಅಂದುಕೊಳ್ಳುತ್ತಾರೆ. ಹುಡುಗನಿಗೆ ಹೇಳಿಯೇ ಮಾಡಿ. ಬಾಸ್ಕೊದವರು, ಅಂದರೆ ಬೆಂಗಳೂರು ಓಣಿಯವರ ಸೇವಾ ಕೂಟ, 1980ರಿಂದ ಬೀದಿ ಮಕ್ಕಳ ಕೆಲಸದಲ್ಲೇ ಇದ್ದಾರೆ. ನಿಮ್ಮ 12ರ ಹುಡುಗರ ವಿಷಯ ಈ ವಾರವೇ ಅಂಥವರ ಜೊತೆ ಮಾತಾಡಿ.

ಹೊಟ್ಟೆ ತುಂಬುತ್ತಾ ಅಂತ ಕೇಳಿದವರಿಗೆ, ಬರುವಾಗ ಒಂದು ಡಜನ್ ಬಾಳೆಹಣ್ಣು ತರಲು ಹೇಳಿ.

ಪ್ರಶ್ನೆ: ನಮ್ಮೂರಲ್ಲೂ ಹೀಗೆ ಆಡಿಸುತ್ತೇವೆ. ಹುಡುಗಿಯರೇ ಬರುವುದಿಲ್ಲ. ಒತ್ತಾಯ ಮಾಡಬೇಕಾ?
– ಓದುಗಿ, ಹುಬ್ಬಳ್ಳಿ

ಉತ್ತರ: ಬೇಡ. ದೊಡ್ಡ ಹುಡುಗರು ಗುಂಪು ಕಟ್ಟಿಕೊಂಡು ನಿಂತ ಕಡೆ ಅವರು ಯಾಕೆ ಬಂದಾರು? ಬೆಳಕಿರುವಾಗಲೇ ಮುಗಿಸಿ, ನಿಮ್ಮಂಥ ಹೆಂಗಸರು ಇಬ್ಬರಾದರೂ ಅಂಗಳದಲ್ಲಿರಿ, ಹತ್ತಿರದಲ್ಲಿ ಶೌಚಾಲಯ ಇದೆಯಾ ನೋಡಿ. ಶುರುವಿಗೆ ಲಗೋರಿ ಸಾಕು. 2019ರಲ್ಲಿ ಲಾರ್ಡ್ಸ್‌ನಲ್ಲಿ ಬೀದಿ ಮಕ್ಕಳ ಕ್ರಿಕೆಟ್ ವಿಶ್ವಕಪ್ ಗೆದ್ದ ದಕ್ಷಿಣ ಭಾರತದ ತಂಡದಲ್ಲಿ ಹುಡುಗ, ಹುಡುಗಿಯರು ಒಟ್ಟಿಗೇ ಆಡಿದ್ದರು. ಅದನ್ನು ಹುಡುಗಿಯರಿಗಿಂತ ಮೊದಲು ನಿಮ್ಮ ಹುಡುಗರಿಗೆ ಹೇಳಿ.