ಬೀಗವೂ ಅವರ ಮನೆಯಲ್ಲಿ, ಕೀಲಿಯೂ ಅವರ ಮನೆಯಲ್ಲಿ

ಪ್ರಶ್ನೆ: ಅಡಿಕೆ ಮಂಡಿಗಳ ಲೆಕ್ಕಕ್ಕೆಂದು ಒಂದು ತಂತ್ರಾಂಶ ಬರೆದು ಐದು ವರ್ಷದಿಂದ ಮಾರುತ್ತಿದ್ದೇನೆ. ತೂಕ ಹಾಕಿ, ದಲಾಲಿ, ಹಮಾಲಿ ಕಳೆದು ರೈತರಿಗೆ ಪಟ್ಟಿ ಕೊಡುವುದು, ವ್ಯಾಪಾರಿಗೆ ಜಿಎಸ್‌ಟಿ ಬಿಲ್ ತೆಗೆಯುವುದು ಎಲ್ಲ ಅದರಲ್ಲಿದೆ. ಬೆಲೆ 18,000 ರೂಪಾಯಿ. ಹಾರ್ಡ್ ಡಿಸ್ಕಿನ ನಂಬರಿಗೆ ಲೈಸೆನ್ಸ್ ಕಟ್ಟಿಹಾಕಿದ್ದೆ. ಮೊನ್ನೆ ಸಾಗರದ ಒಂದು ಮಂಡಿಗೆ ಬೇರೆ ಕೆಲಸಕ್ಕೆ ಹೋದರೆ, ನಾನು ಮಾರಿಯೇ ಇರದ ಕಡೆ ನನ್ನ ತಂತ್ರಾಂಶ ಓಡುತ್ತಿದೆ! ಕೇಳಿದ್ದಕ್ಕೆ ‘ಕಂಪ್ಯೂಟರ್ ರಿಪೇರಿ ಹುಡುಗ ಹಾಕಿಕೊಟ್ಟ’ ಎಂದರು. ದೊಡ್ಡ ಕಂಪನಿಗಳಿಗೂ ಈ ಕಳ್ಳತನ ನಿಲ್ಲಿಸಲು ಆಗಿಲ್ಲವಲ್ಲ, ಯಾಕೆ? ಕದ್ದವರ ಡೇಟಾ ತಾನಾಗಿ ಅಳಿಸಿಹೋಗುವಂತೆ ಮಾಡಿಬಿಡಲೇ?
– ಹೆಸರು ಬೇಡ, ಶಿರಸಿ

ಉತ್ತರ: ಕೊನೆಯ ಆಲೋಚನೆಯನ್ನು ಇವತ್ತೇ ಬಿಟ್ಟುಬಿಡಿ. ಯಾಕೆಂದು ಆಮೇಲೆ ಹೇಳುತ್ತೇನೆ.

ಮೊದಲು ‘ಯಾಕೆ’ ಎಂಬುದಕ್ಕೆ ಬರೋಣ. ಮಂಡಿಯಿಂದ ಒಂದು ಚೀಲ ಅಡಿಕೆ ಕದ್ದರೆ ಗೋದಾಮಿನಲ್ಲಿ ಒಂದು ಚೀಲ ಕಡಿಮೆಯಾಗುತ್ತದೆ, ಬೆಳಿಗ್ಗೆ ಎಣಿಸಿದಾಗ ಗೊತ್ತಾಗುತ್ತದೆ. ತಂತ್ರಾಂಶ ಕದ್ದರೆ ಏನೂ ಕಡಿಮೆಯಾಗುವುದಿಲ್ಲ. ಅಷ್ಟೇ ಅಲ್ಲ, ಪ್ರೋಗ್ರಾಮ್ ಓಡಬೇಕಾದರೆ ಕಂಪ್ಯೂಟರ್ ಅದನ್ನು ಡಿಸ್ಕಿನಿಂದ ಓದಿ ಮೆಮೊರಿಗೆ ತುಂಬಿಕೊಳ್ಳಲೇಬೇಕು. ಓದಿ ತುಂಬಿಕೊಳ್ಳುವುದೆಂದರೆ ನಕಲು ಮಾಡುವುದೇ. ನಕಲು ಮಾಡಬಾರದು ಎಂದು ಆ ಯಂತ್ರಕ್ಕೆ ಹೇಳುವುದು, ನೀರಿಗೆ ಇಳಿಜಾರಿನಲ್ಲಿ ಹರಿಯಬೇಡ ಎಂದಂತೆ.

ಹಾಗಾದರೆ ಲೈಸೆನ್ಸ್ ಪರೀಕ್ಷೆ ಏನು ಮಾಡುತ್ತದೆ? ನೀವು ಎಷ್ಟೇ ಜಾಣತನದಿಂದ ಬರೆದರೂ ಅದು ಕೊನೆಗೆ ಒಂದು ಕವಲಿಗೆ ಬಂದು ನಿಲ್ಲುತ್ತದೆ: ‘ನಂಬರು ತಾಳೆಯಾಯಿತೇ? ಆಗಿದ್ದರೆ ಮುಂದೆ ಹೋಗು, ಇಲ್ಲದಿದ್ದರೆ ನಿಲ್ಲು’. ಇಂಟೆಲ್ ಮಾದರಿಯ ಪ್ರೊಸೆಸರಿನಲ್ಲಿ ‘ತಾಳೆಯಾದರೆ ಜಿಗಿ’ ಎಂಬ ಆದೇಶದ ಸಂಕೇತ, ಹದಿನಾರರ ಎಣಿಕೆಯಲ್ಲಿ (ಹೆಕ್ಸ್) ಬರೆದರೆ, 74 ಎಂಬ ಒಂದು ಬೈಟ್. ‘ಏನಾದರಾಗಲಿ, ಜಿಗಿ’ ಎಂಬುದು ಇಬಿ (EB) ಎಂಬ ಇನ್ನೊಂದು ಬೈಟ್. ಡಿಬಗ್ಗರ್ (ಪ್ರೋಗ್ರಾಮನ್ನು ಹೆಜ್ಜೆ ಹೆಜ್ಜೆಯಾಗಿ ಓಡಿಸಿ ನೋಡುವ ಸಾಧನ) ಹಿಡಿದು ಕೂತವನು ಆ ಜಾಗ ಹುಡುಕಿ 74 ಇದ್ದಲ್ಲಿ ಇಬಿ ಬರೆದರೆ ಕಾವಲುಗಾರ ಅಲ್ಲೇ ಇರುತ್ತಾನೆ, ಎಲ್ಲರನ್ನೂ ಒಳಗೆ ಬಿಡುತ್ತಾನೆ. ನೀವು ಪರೀಕ್ಷೆಯನ್ನು ಹತ್ತು ಕಡೆ ಇಡಬಹುದು, ಕೋಡನ್ನು ಗೋಜಲು ಮಾಡಬಹುದು. ಆಗ ಅವನಿಗೆ ಒಂದು ಸಂಜೆಯ ಬದಲು ಒಂದು ತಿಂಗಳು ಹಿಡಿಯುತ್ತದೆ. ಆದರೆ ಯಂತ್ರ ಅವನದು, ಸಮಯವೂ ಅವನದು. ಒಬ್ಬ ಒಮ್ಮೆ ಒಡೆದರೆ ಸಾಕು, ಉಳಿದವರು ಇಳಿಸಿಕೊಳ್ಳುವುದಷ್ಟೇ.

ಈ ಜಗಳ ಹಳೆಯದು. 1976ರ ಫೆಬ್ರುವರಿಯಲ್ಲಿ ಇನ್ನೂ ಇಪ್ಪತ್ತರ ಹರೆಯದ ಬಿಲ್ ಗೇಟ್ಸ್ ಹವ್ಯಾಸಿಗಳಿಗೊಂದು ಬಹಿರಂಗ ಪತ್ರ ಬರೆದು, ಆಲ್ಟೇರ್ ಕಂಪ್ಯೂಟರ್ ಇರುವವರಲ್ಲಿ ತಮ್ಮ ‘ಬೇಸಿಕ್’ ಎಂಬ ಪ್ರೋಗ್ರಾಮಿಂಗ್ ತಂತ್ರಾಂಶ ಕೊಂಡವರು ಶೇ 10ಕ್ಕಿಂತ ಕಡಿಮೆ ಎಂದು ದೂರಿದ್ದರು. ಆಗ ನಕಲಾಗುತ್ತಿದ್ದದ್ದು ತೂತು ಹೊಡೆದ ಕಾಗದದ ಸುರುಳಿ! ಮುಂದೆ ಫ್ಲಾಪಿ ಬಂತು. ಕಂಪನಿಗಳು ಫ್ಲಾಪಿಯಲ್ಲಿ ಬೇಕೆಂದೇ ಕೆಟ್ಟ ಸೆಕ್ಟರ್ ಮಾಡಿ ಮಾಮೂಲಿ ಕಾಪಿ ಆಗದಂತೆ ನೋಡಿಕೊಂಡವು. ಅದನ್ನೂ ಯಥಾವತ್ತು ನಕಲಿಸುವ ‘ಕಾಪಿ ಟೂ ಪಿಸಿ’ಯಂಥವು ಬ್ಯಾಕಪ್ಪಿನ ಹೆಸರಲ್ಲಿ ರಾಜಾರೋಷವಾಗಿ ಮಾರಾಟವಾದವು. ಚಾಪೆ ಕೆಳಗೆ ತೂರಿದವನಿಗೆ ರಂಗೋಲಿ ಕೆಳಗೆ ತೂರುವವನು ಸಿಕ್ಕ. (ಆ ಫ್ಲಾಪಿಗಳ ಕಾಲದಲ್ಲೇ ಕಲಿತವನು ನಾನು. ನನ್ನ ಪೆಟ್ಟಿಗೆಯಲ್ಲಿದ್ದವೆಲ್ಲ ಕೊಂಡವು ಎಂದು ಹೇಳಿದರೆ ಸುಳ್ಳಾಗುತ್ತದೆ.) ನಡುವೆ ಸಿಕ್ಕಿಕೊಂಡವರು ದುಡ್ಡು ಕೊಟ್ಟವರು: ಮೂಲ ಫ್ಲಾಪಿ ಹಾಳಾದರೆ ಕೆಲಸ ಬಂದ್. ಅವರ ಸಿಟ್ಟಿಗೆ ಮಣಿದು 1980ರ ದಶಕದ ಕೊನೆಯ ಹೊತ್ತಿಗೆ ದೊಡ್ಡ ಕಂಪನಿಗಳೇ ಆ ರಕ್ಷಣೆಯನ್ನು ಕೈಬಿಟ್ಟವು. ಕಂಪ್ಯೂಟರಿಗೆ ಸಿಕ್ಕಿಸಿದರಷ್ಟೇ ತಂತ್ರಾಂಶ ಓಡುವಂತೆ ಮಾಡುವ ಪುಟ್ಟ ಸಾಧನ ಡಾಂಗಲ್‌ನ ಕತೆಯೂ ಹೆಚ್ಚು ಬೇರೆಯಲ್ಲ. ಅದರ ಉತ್ತರವನ್ನು ಅನುಕರಿಸುವ ಪ್ರೋಗ್ರಾಮುಗಳು ಬಂದವು.

2001ರಲ್ಲಿ ವಿಂಡೋಸ್ ಎಕ್ಸ್‌ಪಿ ಬಂದಾಗ ಮೈಕ್ರೋಸಾಫ್ಟ್ ‘ಆಕ್ಟಿವೇಶನ್’, ಅಂದರೆ ಪ್ರತಿ ಕಂಪ್ಯೂಟರಿಗೂ ಕಂಪನಿಯಿಂದ ಒಪ್ಪಿಗೆ ಪಡೆಯುವ ದೊಡ್ಡ ಬಾಗಿಲನ್ನೇ ನಿಲ್ಲಿಸಿತು. ಆದರೆ ಸಾವಿರಾರು ಕಂಪ್ಯೂಟರ್ ಇರುವ ಸಂಸ್ಥೆಗಳು ಒಂದೊಂದನ್ನೂ ಆಕ್ಟಿವೇಟ್ ಮಾಡುತ್ತ ಕೂರುವುದಿಲ್ಲವಲ್ಲ? ಅವರಿಗಾಗಿ ಆಕ್ಟಿವೇಶನ್ ಬೇಡದ ವಾಲ್ಯೂಮ್ ಲೈಸೆನ್ಸ್ ಕೀಲಿ ಎಂಬ ದಿಡ್ಡಿ ಬಾಗಿಲಿಟ್ಟರು. ‘ಎಫ್‌ಸಿಕೆಜಿಡಬ್ಲ್ಯೂ’ ಎಂದು ಶುರುವಾಗುವ ಅಂಥದೊಂದು ಕೀಲಿ, ಎಕ್ಸ್‌ಪಿ ಮಾರುಕಟ್ಟೆಗೆ ಬರುವ ಮೊದಲೇ ಸೋರಿತು. ಲಕ್ಷಾಂತರ ರೂಪಾಯಿ ಕೊಡುವ ಗಿರಾಕಿಗೆ ತೊಂದರೆಯಾಗಬಾರದೆಂದು ಬಿಟ್ಟ ಸಂದಿಯಲ್ಲೇ ಕಳ್ಳ ನುಗ್ಗಿದ. ಬಿಗಿ ಮಾಡಿದರೂ ಕಷ್ಟ: 2010ರಲ್ಲಿ ಕಂಪ್ಯೂಟರ್ ಆಟಗಳ ಕಂಪನಿ ಯೂಬಿಸಾಫ್ಟ್ ತನ್ನ ಆಟಗಳು ಸದಾ ಇಂಟರ್ನೆಟ್ಟಿಗೆ ಅಂಟಿಕೊಂಡೇ ಇರಬೇಕೆಂದು ಮಾಡಿತು. ಸರ್ವರ್ ಮೇಲೆ ದಾಳಿಯಾಗಿ ಅದು ಮಲಗಿದಾಗ, ದುಡ್ಡು ಕೊಟ್ಟು ಕೊಂಡವರಿಗೇ ಆಡಲು ಆಗಲಿಲ್ಲ.

ತಂತ್ರಾಂಶ ಕಂಪನಿಗಳ ಒಕ್ಕೂಟ ಬಿಎಸ್‌ಎ 2018ರ ವರದಿಯಲ್ಲಿ, ಲೈಸೆನ್ಸ್ ಇಲ್ಲದ ತಂತ್ರಾಂಶದ ಪಾಲು ಜಗತ್ತಿನಲ್ಲಿ ಶೇ 37, ಭಾರತದಲ್ಲಿ ಶೇ 56 ಎಂದಿತ್ತು. ಅಂಗಡಿಯವನೇ ಎಣಿಸಿದ ನಷ್ಟ ಇದು, ಸ್ವಲ್ಪ ಅನುಮಾನ ಇಟ್ಟುಕೊಂಡೇ ಓದಬೇಕು. ನಕಲು ಬಳಸುವವರೆಲ್ಲ ನಕಲು ಸಿಗದಿದ್ದರೆ ಕೊಳ್ಳುತ್ತಿದ್ದರು ಎಂದೇನಿಲ್ಲ.

ಈಗ ನಿಮ್ಮ ವಿಷಯ. ನಿಮ್ಮ ವೈರಿ ಡಿಬಗ್ಗರ್ ಹಿಡಿದ ಪಂಡಿತನಲ್ಲ. ಅಂಥವರು ಹೆಸರಿಗಾಗಿ ದೊಡ್ಡ ಆಟಗಳನ್ನು, ದೊಡ್ಡ ತಂತ್ರಾಂಶಗಳನ್ನು ಒಡೆಯುತ್ತಾರೆ. ಶಿರಸಿಯ ಅಡಿಕೆ ಲೆಕ್ಕಕ್ಕೆ ಅವರು ನಿದ್ದೆಗೆಡುವುದಿಲ್ಲ. ನಿಮ್ಮದನ್ನು ಹಂಚಿದವನು ರಿಪೇರಿ ಹುಡುಗ. ಅವನು ಬಹುಶಃ ಏನನ್ನೂ ಒಡೆದಿಲ್ಲ. ಹಾರ್ಡ್ ಡಿಸ್ಕಿನ ನಂಬರು ಎಂದು ನೀವು ಓದುತ್ತಿರುವುದು ಸಿ ಡ್ರೈವಿನ ವಾಲ್ಯೂಮ್ ಸೀರಿಯಲ್ ನಂಬರು ಇರಬೇಕು. ಹೆಚ್ಚಿನವರು ಮಾಡುವ ತಪ್ಪು ಇದೇ. ಅದು ಕಾರ್ಖಾನೆಯಲ್ಲಿ ಕೆತ್ತಿದ್ದಲ್ಲ, ಫಾರ್ಮ್ಯಾಟ್ ಮಾಡಿದಾಗ ವಿಂಡೋಸ್ ಬರೆಯುವಂಥದು. ಡಿಸ್ಕನ್ನು ಇದ್ದ ಹಾಗೇ ಕ್ಲೋನ್ ಮಾಡಿದರೆ ನಂಬರೂ ಜೊತೆಗೇ ಬರುತ್ತದೆ. ಹೊಸ ಎಸ್‌ಎಸ್‌ಡಿ ಹಾಕುವಾಗ ಆ ಹುಡುಗರು ದಿನವೂ ಮಾಡುವ ಕೆಲಸ ಅದು.

ನಿಮ್ಮ ಕೈಯಲ್ಲಿ ಇದಕ್ಕಿಂತ ಒಳ್ಳೆಯ ಬೀಗವಿದೆ. ಮಂಡಿಯವನು ತನ್ನ ಹೆಸರು, ತನ್ನ 15 ಅಕ್ಷರದ ಜಿಎಸ್‌ಟಿ ನಂಬರು ಇಲ್ಲದೆ ಬಿಲ್ ಕೊಡುವ ಹಾಗಿಲ್ಲ. ನಿಮ್ಮಲ್ಲಿ ಅವು ಸೆಟ್ಟಿಂಗ್ಸ್‌ನಲ್ಲಿ ಯಾರು ಬೇಕಾದರೂ ತಿದ್ದುವಂತಿವೆಯೇ? ಅಲ್ಲಿಂದ ತೆಗೆಯಿರಿ. ಹೆಸರು, ಜಿಎಸ್‌ಟಿ ನಂಬರು ಎರಡನ್ನೂ ಲೈಸೆನ್ಸ್ ಫೈಲಿನಲ್ಲಿಟ್ಟು, ನಿಮ್ಮ ಬಳಿ ಮಾತ್ರ ಇರುವ ಖಾಸಗಿ ಕೀಲಿಯಿಂದ ಡಿಜಿಟಲ್ ಸಹಿ ಹಾಕಿ. ತಂತ್ರಾಂಶದೊಳಗೆ ಇರುವುದು ಸಾರ್ವಜನಿಕ ಕೀಲಿ ಮಾತ್ರ: ಅದರಿಂದ ಸಹಿ ನಿಜವೋ ಸುಳ್ಳೋ ನೋಡಬಹುದು, ಹೊಸ ಸಹಿ ಹಾಕಲು ಬರುವುದಿಲ್ಲ. ಆಮೇಲೆ ಯಾರು ನಕಲು ಮಾಡಿಕೊಂಡರೂ ಬಿಲ್ಲಿನ ನೆತ್ತಿಯ ಮೇಲೆ ಮೊದಲ ಗಿರಾಕಿಯ ಹೆಸರೇ ಬರುತ್ತದೆ. ಪಕ್ಕದ ಮಂಡಿಯವನ ಜಿಎಸ್‌ಟಿ ನಂಬರಿನಲ್ಲಿ ಬಿಲ್ ಕೊಡುವ ಧೈರ್ಯ ಯಾರಿಗಿದೆ? ತನ್ನ ನಂಬರಿನಲ್ಲಿ ಇನ್ನೊಬ್ಬ ವ್ಯಾಪಾರ ಮಾಡುತ್ತಾನೆಂದರೆ ಆ ಮೊದಲ ಗಿರಾಕಿಯೇ ನಿಮ್ಮ ಕಾವಲುಗಾರನಾಗುತ್ತಾನೆ. ಆ 74ರ ಕವಲು ಇಲ್ಲೂ ಇದೆ, ನಿಜ. ಅದನ್ನು ಮುಟ್ಟುವಷ್ಟು ಬಲ್ಲವನಿಗೆ ನಿಮ್ಮ 18,000 ಏನೂ ಅಲ್ಲ.

ಕಾನೂನಿನ ಬಗ್ಗೆ ಎರಡು ಮಾತು. 1957ರ ಕೃತಿಸ್ವಾಮ್ಯ ಕಾಯ್ದೆಯ ಕಣ್ಣಲ್ಲಿ ಕಂಪ್ಯೂಟರ್ ಪ್ರೋಗ್ರಾಮ್ ಒಂದು ‘ಸಾಹಿತ್ಯ ಕೃತಿ’. ಹೌದು, ನಿಮ್ಮ ಅಡಿಕೆ ಪಟ್ಟಿಗೂ ಕಾದಂಬರಿಗೂ ಒಂದೇ ಪಂಕ್ತಿ! ನೋಂದಣಿ ಮಾಡಿಸದಿದ್ದರೂ ಹಕ್ಕು ಇರುತ್ತದೆ. ಮಾಡಿಸಿದ್ದರೆ ಸಾಕ್ಷಿಗೆ ಅನುಕೂಲ. ನಕಲೆಂದು ತಿಳಿದೂ ಬಳಸುವವನಿಗೆ 63ಬಿ ಕಲಮಿನಲ್ಲಿ 7 ದಿನದಿಂದ 3 ವರ್ಷದವರೆಗೆ ಜೈಲು, 50,000ದಿಂದ 2 ಲಕ್ಷ ರೂಪಾಯಿವರೆಗೆ ದಂಡ. ಆದರೂ ಸಾಗರದವರ ಮೇಲೆ ದೂರು ಕೊಡಿ ಎಂದು ನಾನು ಹೇಳುವುದಿಲ್ಲ. ಅವರು ನಿಮ್ಮ ತಂತ್ರಾಂಶವನ್ನು ಆಗಲೇ ರೂಢಿ ಮಾಡಿಕೊಂಡಿದ್ದಾರೆ. ಸೀಸನ್ ಶುರುವಾಗುವ ಮುಂಚೆ ಹೋಗಿ, ಕೂತು, ‘ರಿಪೇರಿ ಹುಡುಗ ಹಾಕಿದ್ದಕ್ಕೆ ಅಪ್‌ಡೇಟ್ ಬರೋದಿಲ್ಲ ಯಜಮಾನ್ರೇ, ತೆರಿಗೆ ನಿಯಮ ಬದಲಾದರೆ ಲೆಕ್ಕ ಕೆಡುತ್ತೆ’ ಎಂದು ಹೇಳಿ. ಬೆಲೆಯನ್ನು ವರ್ಷಕ್ಕಿಷ್ಟು ಎಂದು ಒಡೆದು ಕೇಳಿ. 18,000ವನ್ನು ಒಟ್ಟಿಗೆ ಬಿಚ್ಚುವುದು ಯಾವ ಮಂಡಿಯವನಿಗೂ ಕಷ್ಟ. ದೊಡ್ಡ ಕಂಪನಿಗಳೂ ಈಗ ಹಿಡಿದಿರುವುದು ಇದೇ ದಾರಿ. ಅಡೋಬಿ 2013ರಲ್ಲೇ ಡಬ್ಬಿ ಮಾರುವುದು ಬಿಟ್ಟು ಚಂದಾಕ್ಕೆ ಇಳಿಯಿತು.

ಡೇಟಾ ಅಳಿಸುವ ವಿಚಾರ ಬಾಕಿ ಇದೆ. 1986ರಲ್ಲಿ ಲಾಹೋರಿನ ಇಬ್ಬರು ಅಣ್ಣತಮ್ಮಂದಿರು, ತಮ್ಮ ವೈದ್ಯಕೀಯ ತಂತ್ರಾಂಶ ಕದಿಯುವವರಿಗೆ ಬುದ್ಧಿ ಕಲಿಸಲೆಂದು ಫ್ಲಾಪಿಯಲ್ಲಿ ಒಂದು ಪುಟ್ಟ ಪ್ರೋಗ್ರಾಮ್ ಸೇರಿಸಿದೆವು ಎನ್ನುತ್ತಾರೆ. ಅದರಲ್ಲಿ ತಮ್ಮ ಹೆಸರು, ವಿಳಾಸ, ಫೋನ್ ನಂಬರನ್ನೂ ಹಾಕಿದ್ದರು. ಅದು ಫ್ಲಾಪಿಯಿಂದ ಫ್ಲಾಪಿಗೆ ಹಾರಿ ದೇಶ ದಾಟಿತು. ಐಬಿಎಂ ಪಿಸಿಯ ಮೊದಲ ವೈರಸ್ ಎಂದು ಹೆಸರಾದ ‘ಬ್ರೇನ್’ ಅದೇ. ಅವರದು ಡೇಟಾ ಅಳಿಸಲು ಬರೆದದ್ದಲ್ಲ, ನೀವು ಕೇಳುತ್ತಿರುವುದು ಅಳಿಸುವುದನ್ನೇ. ನಿಮ್ಮ ಪರೀಕ್ಷೆ ಒಮ್ಮೆ ತಪ್ಪಿ, ಹಾರ್ಡ್ ಡಿಸ್ಕ್ ಬದಲಿಸಿದ ಪ್ರಾಮಾಣಿಕ ಗಿರಾಕಿಯ ಐದು ವರ್ಷದ ಖಾತೆ ಹೋದರೆ? ಐಟಿ ಕಾಯ್ದೆಯ 43 ಮತ್ತು 66ನೇ ಕಲಮಿನಲ್ಲಿ ಆಗ ಆರೋಪಿ ನೀವು, ಕದ್ದವರಲ್ಲ.

ಪ್ರಶ್ನೆ: ನಮ್ಮದು ಸಣ್ಣ ಮುದ್ರಣಾಲಯ. ಇಪ್ಪತ್ತು ವರ್ಷದಿಂದ ಪೇಜ್‌ಮೇಕರ್ 7 ನಕಲು ಪ್ರತಿಯಲ್ಲೇ ಡಿಟಿಪಿ. ಸರಿಯಾಗಿ ಕೊಂಡುಬಿಡೋಣ ಎಂದರೆ ಎಲ್ಲೂ ಸಿಗುವುದಿಲ್ಲ. ಸಿಗದ ವಸ್ತುವನ್ನು ನಕಲು ಮಾಡಿದರೂ ತಪ್ಪೇ?
– ಗದಗಿನ ಓದುಗರು

ಉತ್ತರ: ತಪ್ಪೇ. 2001ರ ಪೇಜ್‌ಮೇಕರ್ 7 ಅದರ ಕೊನೆಯ ಆವೃತ್ತಿ, ಆಮೇಲೆ ಅಡೋಬಿ ಅದನ್ನು ಕೈಬಿಟ್ಟಿತು. ಮಾರಾಟ ನಿಂತಿತೆಂದು ಹಕ್ಕು ಹೋಗುವುದಿಲ್ಲ. ನಿಮ್ಮನ್ನು ಅಲ್ಲಿ ಕಟ್ಟಿಹಾಕಿರುವುದು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡ ಕೂರಿಸಿದ ಹಳೆಯ ಆಸ್ಕಿ ಫಾಂಟುಗಳು ಎಂಬುದು ನನಗೆ ಗೊತ್ತು. ಹಳೆಯ ಫೈಲುಗಳ ಪಠ್ಯವನ್ನು ಪರಿವರ್ತಕದಲ್ಲಿ ಹಾಕಿ ಯೂನಿಕೋಡಿಗೆ ತನ್ನಿ. ಅರ್ಕಾವೊತ್ತು ಇರುವ ಪದಗಳನ್ನು ಮಾತ್ರ ಕಣ್ಣಿಟ್ಟು ತಿದ್ದಬೇಕಾದೀತು. ಉಚಿತವಾಗಿ ಸಿಗುವ ಪುಟವಿನ್ಯಾಸ ತಂತ್ರಾಂಶ ಸ್ಕ್ರೈಬಸ್ 1.6ರಲ್ಲಿ ಯೂನಿಕೋಡ್ ಕನ್ನಡದ ಒತ್ತಕ್ಷರಗಳು ಕೂರುತ್ತವೆ. ಮೊದಲು ಮದುವೆ ಕಾರ್ಡಿನಲ್ಲಿ ಕೈ ಪಳಗಿಸಿ, ಪುಸ್ತಕಕ್ಕೆ ಆಮೇಲೆ ಬನ್ನಿ.