ಹದ್ದಿನ ಕಥೆ ಬಿಡಿ, ಇರುವೆ ನೋಡಿ

ಓದುಗರ ಪತ್ರ: ಹದ್ದು 40 ವರ್ಷವಾದಾಗ ಬೆಟ್ಟ ಹತ್ತಿ, ಹಳೇ ಕೊಕ್ಕನ್ನು ಬಂಡೆಗೆ ಬಡಿದು ಉದುರಿಸಿಕೊಂಡು ಹೊಸ ಜೀವ ಪಡೆಯುತ್ತದಂತೆ. ಸಭೆಯೂ ಹಾಗೇ ಹೊಸದಾಗಬೇಕು ಅಂತ ಸಂಡೇ ಸ್ಕೂಲ್ ಮಕ್ಕಳಿಗೆ ಹೇಳಬಹುದೇ? ಪ್ರಾಣಿ ಪಕ್ಷಿಗಳಿಂದ ಪಾಠ ಕಲಿಯುವುದು ಸತ್ಯವೇದಕ್ಕೆ ಒಪ್ಪುತ್ತದೆಯೇ?

ಸಹೋದರಿಯವರೇ,

ಎರಡನೇ ಪ್ರಶ್ನೆ ಸುಲಭದ್ದು. ಆಕಾಶದ ಹಕ್ಕಿಗಳನ್ನು ನೋಡಿ, ಹೊಲದ ಹೂಗಳನ್ನು ನೋಡಿ ಎಂದು ಯೇಸುಸ್ವಾಮಿಯೇ ಹೇಳಿದ್ದಾರೆ (ಮತ್ತಾಯ 6). ಧಾರಾಳವಾಗಿ ಕಲಿಸಿ.

ಹದ್ದಿನ ಕಥೆ ಮಾತ್ರ ಬೇಡ. ನಾನೂ ಅದನ್ನು ಪ್ರಸಂಗಗಳಲ್ಲಿ ಕೇಳಿದ್ದೇನೆ, ಒಮ್ಮೆ ಜೋರಾಗಿ ಹಲ್ಲೆಲೂಯ ಅಂದದ್ದೂ ಉಂಟು. ಆದರೆ ಅದು ಸುಳ್ಳು. ಕೊಕ್ಕು ಹೋದ ಹದ್ದು ತಿನ್ನಲಾಗದೆ ಸಾಯುತ್ತದೆ, ಅಷ್ಟೇ. ನಿಜವಾಗಿ ಅದರ ಹಳೇ ಗರಿಗಳು ಒಂದೊಂದಾಗಿ ಉದುರಿ ಹೊಸವು ಬರುತ್ತವೆ. ಹಾರಾಟ ನಿಲ್ಲುವುದೇ ಇಲ್ಲ. ನನಗಂತೂ ಈ ನಿಜವೇ ಜಾಸ್ತಿ ಇಷ್ಟ. ಸೃಷ್ಟಿಕರ್ತನನ್ನು ಹೊಗಳೋಕೆ ನಮ್ಮ ಕಟ್ಟುಕಥೆ ಯಾಕೆ ಬೇಕು, ಅಲ್ವಾ?

ಮಕ್ಕಳಿಗೆ ಇರುವೆ ತೋರಿಸಿ. ಜ್ಞಾನೋಕ್ತಿ 6ನೇ ಅಧ್ಯಾಯ ಸೋಮಾರಿಯನ್ನು ಇರುವೆಯ ಹತ್ತಿರ ಕಳಿಸುತ್ತದೆ. ನಾವು ದುಡಿಮೆಯ ಪಾಠ ಕೇಳಿ ಎದ್ದುಬಿಡುತ್ತೇವೆ. ಇನ್ನೂ ಸ್ವಲ್ಪ ಹೊತ್ತು ಬಗ್ಗಿ ನೋಡಿ. ಎರಡು ಇರುವೆ ಎದುರಾಗಿ ನಿಲ್ಲುತ್ತವೆ, ಮೀಸೆಯಿಂದ ತಟ್ಟಿಕೊಳ್ಳುತ್ತವೆ. ಹಸಿದದ್ದು ಕೇಳುತ್ತದೆ, ಉಂಡದ್ದು ಒಂದು ಹನಿ ಹೊರತಂದು ಬಾಯಿಂದ ಬಾಯಿಗೆ ಕೊಡುತ್ತದೆ. ಅನೇಕ ಜಾತಿಯ ಇರುವೆಗಳು ಹೀಗೆ ಹಂಚುವುದನ್ನು ತುಂಬಿಕೊಳ್ಳುವ ಚೀಲವೇ ಬೇರೆ, ತಮ್ಮ ಊಟ ಅರಗಿಸುವ ಹೊಟ್ಟೆಯೇ ಬೇರೆ. ಕಾಣಿಕೆ ಚೀಲವನ್ನು ಮೈಯೊಳಗೇ ಇಟ್ಟುಕೊಂಡು ಓಡಾಡುವ ಜೀವ!

ಇನ್ನೊಂದನ್ನೂ ಮುಚ್ಚಿಡಬೇಡಿ. ಬೇರೆ ಗೂಡಿನ ವಾಸನೆ ಬಂದರೆ ಅದೇ ಇರುವೆ ಕಚ್ಚಿ ಎಳೆದಾಡುತ್ತದೆ. ಯಾರೋ ಹೊಸಬರು ಹಿಂದಿನ ಬೆಂಚಿನಲ್ಲಿ ಕೂತು, ಒಬ್ಬರೂ ಮಾತಾಡಿಸದೆ, ಆರಾಧನೆ ಮುಗಿದ ಮೇಲೆ ಸುಮ್ನೆ ಎದ್ದು ಹೋಗುವುದನ್ನು ನೋಡಿದಾಗ ನನಗೆ ಈ ಇರುವೆ ನೆನಪಾಗುತ್ತದೆ. ನಾವು ಕಚ್ಚುವುದಿಲ್ಲ, ನಿಜ. ವಾಸನೆ ಮಾತ್ರ ನೋಡುತ್ತೇವೆ. ಇಲ್ಲಿ ಇರುವೆಯ ದಾರಿ ಹಿಡಿಯುವ ಹಾಗಿಲ್ಲ. ಪರದೇಶಿಯಾಗಿದ್ದೆ, ನನ್ನನ್ನು ಸೇರಿಸಿಕೊಂಡಿರಿ ಎಂಬ ಕರ್ತನ ಮಾತನ್ನೇ (ಮತ್ತಾಯ 25) ಹಿಡಿಯಬೇಕು. ಸೃಷ್ಟಿಯಲ್ಲಿ ಕಂಡದ್ದೆಲ್ಲ ಆಜ್ಞೆ ಅಲ್ಲ ಅಂತ ಮಕ್ಕಳಿಗೆ ಈಗಲೇ ಗೊತ್ತಾಗಲಿ.

ಈ ಭಾನುವಾರ ಅವರನ್ನು ಹೊರಗೆ ಕರೆದುಕೊಂಡು ಹೋಗಿ, ಇರುವೆ ಸಾಲಿನ ಪಕ್ಕ ಒಂದು ತೊಟ್ಟು ಸಕ್ಕರೆ ನೀರು ಇಡಿ. ಪಾಠ ನೀವು ಹೇಳಬೇಡಿ. ಅವರು ಏನೇನು ಕಂಡರು ಅಂತ ಕೇಳಿ, ನಮಗೂ ಬರೆದು ಕಳಿಸಿ.

ಸಂಪಾದಕ